ಓದಲು ಬಂದವನು

'ಕೃಪೆ' ಎಂಬ ಪದ ಆ ಪುಟದಲ್ಲಿ ಮೂರು ಸಲ ಬಂದಿತ್ತು. ಎರಡನ್ನು ಹೊಡೆದುಹಾಕಿ, ಉಳಿದ ಒಂದರ ಮೇಲೆ ಪೆನ್ಸಿಲಿನ ಮೊನೆ ಊರಿ ಅವನು ಕೂತ. ಲೇಖಕರು ನಿವೃತ್ತ ಪ್ರಾಧ್ಯಾಪಕರು. ದೇವರ ವಿಷಯಕ್ಕೆ ಬಂದಾಗ ವಿಶೇಷಣಗಳಲ್ಲಿ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಅವನು ಕೃಪೆಯನ್ನು ಉಳಿಸಿ ಅದರ ಹಿಂದಿದ್ದ 'ಅಪಾರ'ವನ್ನು ತೆಗೆದ. ವಾಕ್ಯ ಸರಿಹೋಯಿತು. ಸಣ್ಣದೊಂದು ಸಂತೋಷವಾಯಿತು, ನಿಂತ ಗಡಿಯಾರದ ಮುಳ್ಳು ಮತ್ತೆ ಓಡಿದಾಗ ರಿಪೇರಿಯವನಿಗೆ ಆಗುವಂಥದ್ದು. ಗಂಟೆ ಎಷ್ಟಾಯಿತು ಎಂಬುದು ರಿಪೇರಿಯವನ ಚಿಂತೆಯಲ್ಲ.

"ಇನ್ನೊಂದು ಫೋನು," ಎಂದಳು ವ್ಯವಸ್ಥಾಪಕಿ, ಬಾಗಿಲಿಗೆ ಒರಗಿ. "ಚಂದಾ ನಿಲ್ಲಿಸಿಬಿಡಿ ಅಂತ."

"ಯಾರು?"

"ಹೆಸರು ಹೇಳಲಿಲ್ಲ. ಬಹಳ ಮರ್ಯಾದಸ್ಥರು. ನಿಮ್ಮ ಪತ್ರಿಕೆಗೆ ದೇವರು ಒಳ್ಳೇದು ಮಾಡಲಿ, ನಮ್ಮನೆಗೆ ಮಾತ್ರ ಕಳಿಸಬೇಡಿ ಅಂದ್ರು. ಆಗಲಿ ಅಂದೆ. ಫೋನ್ ಇಟ್ಟೇಬಿಟ್ಟರು. ಈಗ ನಿಲ್ಲಿಸೋದು ಯಾರದನ್ನ?"

ಅವನು ನಕ್ಕ. ಅವಳೂ ನಕ್ಕಳು, ಆದರೆ ಬಾಗಿಲು ಬಿಟ್ಟು ಹೋಗಲಿಲ್ಲ.

"ಸಂಜೆಗೆ ಬರ್ತೀರಿ ತಾನೆ?"

"ಬರ್ತೀನಿ ಅಂದಿದೀನಲ್ಲ."

"ಅಂದಿದೀರಿ. ಆದ್ರೂ ಕೇಳಿದೆ."

ಧರ್ಮ ಮತ್ತು ಸಾರ್ವಜನಿಕ ಬದುಕಿನ ಬಗ್ಗೆ ತಿಂಗಳಿಗೊಮ್ಮೆ ಬರುತ್ತಿದ್ದ ಆ ಪತ್ರಿಕೆಯ ಕಚೇರಿ ಟೈರು ಅಂಗಡಿಯೊಂದರ ಮಹಡಿಯ ಮೇಲಿತ್ತು. ಆತ್ಮದ ಬಗ್ಗೆ ಬಂದ ಲೇಖನಗಳಿಗೂ ರಬ್ಬರಿನ ವಾಸನೆ ಹತ್ತುತ್ತಿತ್ತು. ಅವನು ಅಲ್ಲಿ ಸಹಸಂಪಾದಕ. ಡಾಕ್ಟರೇಟ್ ಪಡೆದವನು, ವಿಷಯ 'ಪ್ರಾರ್ಥನೆಯ ಭಾಷೆ'. ಬೇಡುವವನು ಯಾವ ವಿಭಕ್ತಿಯಲ್ಲಿ ಬೇಡುತ್ತಾನೆ, ಸ್ತುತಿಸುವವನ ಕ್ರಿಯಾಪದ ಯಾಕೆ ವರ್ತಮಾನದಲ್ಲೇ ನಿಂತುಬಿಡುತ್ತದೆ ಎಂಬುದನ್ನೆಲ್ಲ ಬಿಡಿಸಿ ತೋರಿಸಿದ್ದ. ತಾನು ಪ್ರಾರ್ಥಿಸುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬಿಡಲು ಕಾರಣವೂ ಇರಲಿಲ್ಲ. ದೇವರೊಂದಿಗೆ ಜಗಳ ತೆಗೆದು ಹೊರಬಿದ್ದವರನ್ನು ಕಂಡರೆ ಅವನಿಗೆ ಒಳಗೊಳಗೇ ಹೊಟ್ಟೆಕಿಚ್ಚು. ಅವರಿಗಾದರೂ ಒಂದು ಜಗಳವಿತ್ತು. ಇವನದು, ಹಳೆಯ ಪರಿಚಯಸ್ಥರಿಗೆ ಫೋನು ಮಾಡುವುದು ತಾನಾಗಿ ನಿಂತುಹೋಗುತ್ತದಲ್ಲ, ಹಾಗೆ.

ಸಂಪಾದಕರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ವ್ಯವಸ್ಥಾಪಕಿ ಅವರ ತಮ್ಮನ ಮಗಳು. ಅವಳು ಕರೆದದ್ದನ್ನು ಕೇಳಿ ಕೇಳಿ ಅಂಚೆಯವನು, ಮುದ್ರಕ, ಕೊನೆಗೆ ಕೆಳಗಿನ ಟೈರು ಅಂಗಡಿಯವನೂ ಹಾಗೆಯೇ ಕರೆಯತೊಡಗಿದ್ದರು. ದೊಡ್ಡಪ್ಪ ದೈವಭಕ್ತರು. ಊರಿನ ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಪ್ರತಿ ವಾರ ಎರಡನೆಯ ಸಾಲಿನ ಕೊನೆಯ ಕುರ್ಚಿ ಅವರದು. ಹಾಗಿದ್ದೂ, ಪುರಸಭೆಯ ಸಭೆಗಳು ಪ್ರಾರ್ಥನೆಯಿಂದಲೇ ಶುರುವಾಗಬೇಕು ಎಂಬ ಠರಾವು ಬಂದಾಗ ಅದನ್ನು ವಿರೋಧಿಸಿ ಬರೆದವರು ಅವರೊಬ್ಬರೇ. ಒತ್ತಾಯಕ್ಕೆ ತುಟಿ ಅಲ್ಲಾಡಿಸುವುದು ದೇವರ ಎದುರು ಹೇಳುವ ಸುಳ್ಳುಸಾಕ್ಷಿ ಎಂದು ಬರೆದಿದ್ದರು. ಮಂದಿರದವರು ಮುನಿಸಿಕೊಂಡರು. ದೊಡ್ಡಪ್ಪ ಮರುವಾರ ಅದೇ ಕುರ್ಚಿಯಲ್ಲಿ ಹೋಗಿ ಕೂತರು. ಯಾರೋ ಕೇಳಿದ್ದಕ್ಕೆ, "ದೇವರ ಪರವಾಗಿ ವಕಾಲತ್ತು ಹಾಕೋಕೆ ನಾವ್ಯಾರು? ಅವನೇನು ಫೀಸು ಕೊಟ್ಟಿದಾನಾ?" ಎಂದಿದ್ದರಂತೆ.

ಅವರ ವಾಕ್ಯಗಳನ್ನು ಅವನಿಗೆ ತಿದ್ದಲಾಗುತ್ತಿರಲಿಲ್ಲ. ಮೊದಲ ವರ್ಷ ಪ್ರಯತ್ನಿಸಿದ್ದ. ಒಂದು ಪದ ತೆಗೆದರೆ ಪಕ್ಕದ ಪದ ಬೋಳಾಗಿ ಕಾಣುತ್ತಿತ್ತು, ಮತ್ತೆ ತಂದಿಡುತ್ತಿದ್ದ. ಬೈದು ಬರೆದ ಓದುಗರಿಗೆಲ್ಲ ದೊಡ್ಡಪ್ಪ ಸ್ವಂತ ಕೈಬರಹದಲ್ಲಿ ಉತ್ತರಿಸುತ್ತಿದ್ದರು. ಬೈಗುಳದಲ್ಲಿ ಸರಿಯಾದ ಮಾತೊಂದಿದ್ದರೆ ಅದನ್ನು ಮುಂದಿನ ಸಂಚಿಕೆಯಲ್ಲಿ ಒಪ್ಪಿಕೊಳ್ಳುತ್ತಿದ್ದರು. ಅವನು ಬರಬರುತ್ತ ಅವರ ಲಯದಲ್ಲೇ ಬರೆಯಲು ಕಲಿತ. ಓದುಗರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನಿಗೆ ತಿಳಿಯುತ್ತಿತ್ತು. ಒಂದೇ ಅಳತೆಯ ಎರಡು ಅಂಗಿ, ಒಂದರೊಳಗೆ ಮನುಷ್ಯ, ಇನ್ನೊಂದು ಹ್ಯಾಂಗರಿನಲ್ಲಿ.

ಈಗಿನ ಗಲಾಟೆ ಐಸ್ ಕಾರ್ಖಾನೆಯದು. ಮುಚ್ಚಿ ಬಹಳ ಕಾಲವಾಗಿದ್ದ ಆ ಕಟ್ಟಡವನ್ನು ಹೊಸಬರು ತಮ್ಮ ಪ್ರಾರ್ಥನೆಗೆ ಕೇಳಿದ್ದರು. ಬಂದರಿನ ಕೆಲಸಕ್ಕೆಂದು ಊರಿಗೆ ಬಂದು ನೆಲೆಸಿದ ಅವರನ್ನು, ಅವರ ಮಕ್ಕಳು ಇಲ್ಲೇ ಹುಟ್ಟಿ ಬೆಳೆದಿದ್ದರೂ, ಊರು ಹೊಸಬರು ಎಂದೇ ಕರೆಯುತ್ತಿತ್ತು. ಅವರ ದೇವರು ಬೇರೆ, ಪ್ರಾರ್ಥನೆ ಬೇರೆ. ದೊಡ್ಡ ಮಂದಿರದ ಕಾರ್ಯದರ್ಶಿಯಾದ ದಂತವೈದ್ಯರು ಅರ್ಜಿಯೊಂದನ್ನು ತಯಾರಿಸಿ ಮನೆಮನೆಯ ಸಹಿ ಹಾಕಿಸಿದ್ದರು. ದೊಡ್ಡಪ್ಪ ಹೊಸಬರ ಪರವಾಗಿ ಸತತವಾಗಿ ಬರೆದರು. ಚಂದಾದಾರರು ಕಳಚಿಕೊಳ್ಳತೊಡಗಿದರು. ಇವತ್ತು ಸಂಜೆ ಪುರಸಭೆಯ ಸಭಾಂಗಣದಲ್ಲಿ ಎಲ್ಲರ ಅಹವಾಲು ಕೇಳಿ, ಸದಸ್ಯರು ಮತ ಹಾಕುವವರಿದ್ದರು.

ದೊಡ್ಡಪ್ಪ ಮಾತಾಡುವ ಹಾಗಿರಲಿಲ್ಲ. ಗಂಟಲಿನ ಆಪರೇಷನ್ ಆಗಿತ್ತು.

"ಪಿಸುಗುಡೋ ಹಾಗೂ ಇಲ್ಲ," ಎಂದಿದ್ದಳು ವ್ಯವಸ್ಥಾಪಕಿ. "ಪಿಸುಮಾತು ಇನ್ನೂ ಕೆಟ್ಟದ್ದಂತೆ. ಈಗ ದನಿ ಎತ್ತಿದ್ರೆ ಆಮೇಲೆ ಇರೋದೇ ಇಲ್ಲ ಅಂದಿದಾರೆ ಡಾಕ್ಟ್ರು. ಬರೆದುಕೊಡ್ತಾರೆ. ನೀವು ಓದಿ. ಅವರ ಮಾತನ್ನ ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾರಿದಾರೆ?"

ಅದು ನಿಜ. ನಿಜವಾದ್ದರಿಂದ ಒಲ್ಲೆ ಎನ್ನಲು ದಾರಿ ಸಿಗಲಿಲ್ಲ.

*

ಮಧ್ಯಾಹ್ನ ದೊಡ್ಡಪ್ಪನ ಮನೆಗೆ ಹೋದಾಗ ಅವರು ಕಿಟಕಿಯ ಬಳಿ ಕೂತು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದರು. ಕೊರಳಿಗೆ ಬಿಳಿ ಪಟ್ಟಿ. ಮಾತು ನಿಂತ ಮೇಲೆ ಮುಖ ಇನ್ನಷ್ಟು ಚುರುಕಾಗಿತ್ತು. ಹುಬ್ಬುಗಳೇ ಅರ್ಧ ಸಂಭಾಷಣೆ ನಡೆಸುತ್ತಿದ್ದವು. ಹಳೆಯ ಕರಡಚ್ಚುಗಳ ಹಿಂಬದಿಯಲ್ಲಿ ಬರೆದು ತೋರಿಸಿದರು: "ಊಟ ಆಯ್ತಾ?"

"ಆಯ್ತು."

ಆಗಿರಲಿಲ್ಲ. ದೊಡ್ಡಪ್ಪ ಅವನ ಮುಖ ನೋಡಿ, ಬ್ರೆಡ್ಡಿನ ತಟ್ಟೆಯನ್ನು ಅವನ ಕಡೆಗೆ ತಳ್ಳಿದರು.

ಲೇಖನ ಚಿಕ್ಕದು. ಅವನು ನಿಂತುಕೊಂಡೇ ಓದಿದ. ಓದುತ್ತ ಹೋದಂತೆ ಎಂದಿನಂತೆ ಮೈ ನೆಟ್ಟಗಾಯಿತು. ಎಲ್ಲೂ ಕೂಗಾಟವಿರಲಿಲ್ಲ. ಅರ್ಜಿಗೆ ಸಹಿ ಹಾಕಿದವರ ಬಗ್ಗೆ ಕಹಿಯಿರಲಿಲ್ಲ. ಭಯಪಡುವುದು ತಪ್ಪಲ್ಲ, ತಮಗೂ ಭಯವಾಗುತ್ತದೆ ಎಂದಿದ್ದರು. ಮನೆಯ ಪಕ್ಕದಲ್ಲಿ ಪರಭಾಷೆಯ ಜೋಗುಳ ಕೇಳಿದರೆ ನಮ್ಮ ಮಗು ನಮ್ಮನ್ನು ಮರೆಯುತ್ತದೆಯೇ ಎಂದು ಕೇಳಿದ್ದರು. ಆಮೇಲೆ ಈ ಸಾಲುಗಳು:

"ನಾನು ನಂಬುವವನು. ಇನ್ನೊಬ್ಬರ ಪ್ರಾರ್ಥನೆ ಕೇಳಿ ಬೆಚ್ಚಿಬೀಳುವಷ್ಟು ನನ್ನ ದೇವರು ಸಣ್ಣವನಲ್ಲ ಎಂದು ನಂಬುವವನು. ಸಣ್ಣವನಾಗಿದ್ದರೆ, ಅವನನ್ನು ಕಾಯಲು ಪುರಸಭೆಯಿಂದಲೂ ಆಗದು."

"ಚೆನ್ನಾಗಿದೆ," ಎಂದ. ನಿಜವಾಗಿಯೂ ಚೆನ್ನಾಗಿತ್ತು, ಜಗತ್ತಿನಲ್ಲಿ ಇಂಥದ್ದನ್ನು ಬರೆಯಬಲ್ಲವರು ಇದ್ದಾರೆ, ಅವರು ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಾರೆ ಎಂಬುದೇ ಅವನಿಗೆ ಸೋಜಿಗ. ಜೇಬಿನಿಂದ ಪೆನ್ಸಿಲು ತೆಗೆದ. "ಒಂದು ಸಣ್ಣ ಬದಲಾವಣೆ. ಇಲ್ಲಿ, 'ನಾನು' ಅನ್ನೋ ಕಡೆ. 'ಸಂಪಾದಕರು ನಂಬುವವರು' ಅಂತ ಓದಿದ್ರೆ? ಕೇಳೋರಿಗೆ ಗೊಂದಲ ಆಗಲ್ಲ."

ದೊಡ್ಡಪ್ಪ ತಲೆಯಲ್ಲಾಡಿಸಿದರು.

"ಅದು ನಿಮ್ಮ 'ನಾನು', ದೊಡ್ಡಪ್ಪ. ನನ್ನ ಬಾಯಲ್ಲಿ…"

ಅವರು ಕರಡಿನ ಹಿಂದೆ ಬರೆದರು: "'ನಾನು' ಅಂತಲೇ ಓದು. ಇದು ವರದಿ ಅಲ್ಲ."

"ನನಗೆ ಅದು… ಅಂದ್ರೆ, ನನ್ನ ವಿಷಯ ನಿಮಗೆ ಗೊತ್ತಿದೆ."

ಗೊತ್ತಿತ್ತೋ ಇಲ್ಲವೋ. ಇಷ್ಟು ವರ್ಷ ಒಂದೇ ಮೇಜಿನ ಎದುರುಬದುರು ಕೂತು ದೇವರ ಬಗ್ಗೆ ಅಲ್ಪವಿರಾಮ, ಪೂರ್ಣವಿರಾಮಗಳನ್ನು ಇಟ್ಟಿದ್ದರು. ಅವನು ನಂಬುತ್ತಾನೆಯೇ ಎಂದು ದೊಡ್ಡಪ್ಪ ಒಮ್ಮೆಯೂ ಕೇಳಿರಲಿಲ್ಲ. ಅದನ್ನು ಅವನು ಸೌಜನ್ಯ ಎಂದುಕೊಂಡಿದ್ದ. ಈಗ ಅವರು ಕೇಳಲಿ ಎಂದು ಕಾದ. ಕೇಳಿದರೆ ಹೇಳಿಬಿಡಬಹುದಿತ್ತು. ಏನೆಂದು ಎಂಬುದು ಬೇರೆ ಮಾತು.

ದೊಡ್ಡಪ್ಪ ಕೇಳಲಿಲ್ಲ. ಅದೇ ಹಾಳೆಯ ಅಂಚಿನಲ್ಲಿ, ಜಾಗ ಸಾಲದೆ ಅಕ್ಷರ ಕಿರಿದು ಮಾಡಿ ಬರೆದರು: "ಓದುವ ತನಕ ನನ್ನದು. ಬಾಯಿಗೆ ಬಂದ ಮೇಲೆ ನಿನ್ನದು. ನೋಡು, ಕಚ್ಚುತ್ತದೋ ಏನೋ."

ಹಾಗೆ ಬರೆದು ಹುಬ್ಬು ಕುಣಿಸಿ ನಕ್ಕರು. ಸದ್ದಿಲ್ಲದ ನಗು. ಭುಜಗಳು ಮಾತ್ರ ಕುಲುಕಿದವು. ಅವನೂ ನಕ್ಕ, ಪೆನ್ಸಿಲನ್ನು ಜೇಬಿಗಿಟ್ಟ.

*

ಅಂಗಿ ಬದಲಿಸಲು ಮನೆಗೆ ಬಂದ. ಹೆಂಡತಿ ಶಾಲೆಯಿಂದ ಬಂದು ಮೇಜಿನ ಮೇಲೆ ಗಣಿತದ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದಳು. ಕೆಂಪು ಇಂಕು ಬೆರಳಿಗೆ ಹತ್ತಿತ್ತು.

"ನೀಲಿ ಅಂಗಿ ಎಲ್ಲಿ?"

"ಇಸ್ತ್ರಿ ಮಾಡಿ ಇಟ್ಟಿದೀನಿ, ಬಾಗಿಲ ಹಿಂದೆ." ತಲೆ ಎತ್ತದೆ ಕೇಳಿದಳು, "ನೀವೇ ಓದ್ತೀರಂತೆ?"

"ಯಾರು ಹೇಳಿದ್ರು?"

"ಊರೇ ಹೇಳ್ತಿದೆ. ನೀವು ಹೇಳೋದನ್ನ ಕಾಯ್ತಾ ಕೂತಿದ್ರೆ ಆಗ್ತಿತ್ತಾ?"

"ಓದೋದಷ್ಟೆ."

"ಓದೋದಷ್ಟೆ ಅಂದ್ರೆ?"

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮೇಲಿನದು ಕೆಳಗಿನ ಕಾಜಿಗೆ ಬಿದ್ದಿತ್ತು. ಬಿಚ್ಚಿ ಮತ್ತೆ ಶುರುಮಾಡಿದ. ಅವಳು ಪ್ರತಿ ವಾರ ಮಂದಿರಕ್ಕೆ ಹೋಗುತ್ತಿದ್ದಳು. ಬಾ ಎಂದು ಕರೆದವಳಲ್ಲ, ಬರಲಿಲ್ಲವೇಕೆ ಎಂದು ಕೇಳಿದವಳೂ ಅಲ್ಲ. ಹಿಂತಿರುಗಿ ಬಂದಾಗ ಅವಳ ಮುಖದಲ್ಲಿ ಸ್ನಾನ ಮುಗಿಸಿದವರ ತಿಳಿ ಇರುತ್ತಿತ್ತು. ಅದನ್ನು ಕಂಡಾಗ ಅವನಿಗೆ ಹಿತವೆನಿಸುತ್ತಿತ್ತು, ರೈಲಿನಿಂದ ಕಾಣುವ ಯಾರದೋ ಮನೆಯ ಬೆಳಕಿನ ಹಾಗೆ.

"ನಾನೂ ಬರ್ತೀನಿ ಸಂಜೆ," ಎಂದಳು.

"ಬಾ."

"ಹಲ್ಲಿನ ಡಾಕ್ಟರ ಅರ್ಜಿಗೆ ನಾನು ಸಹಿ ಹಾಕಿದೀನಿ."

ಅವನ ಕೈ ನಿಂತಿತು. "ಯಾವಾಗ?"

"ಅರ್ಜಿ ಹಿಡ್ಕೊಂಡು ಮನೆಗೆ ಬಂದಿದ್ರಲ್ಲ, ಆಗ. ನೀವು ಒಳಗೆ ಇದ್ರಿ. ಓದ್ತಾ ಇದ್ರಿ."

"ನನಗೆ ಹೇಳಲಿಲ್ಲ."

"ನೀವು ಕೇಳಲಿಲ್ಲ."

"ನಾನು ಇರೋ ಪತ್ರಿಕೆ ಏನು ಬರೀತಿದೆ ಅಂತ ಗೊತ್ತಿದ್ದೂ…"

"ಪತ್ರಿಕೆ ಬರೀತು. ದೊಡ್ಡಪ್ಪ ಬರೆದ್ರು." ಅವಳು ಪೆನ್ನು ಕೆಳಗಿಟ್ಟಳು. "ನೀವು ಒಂದು ದಿನ, ಊಟಕ್ಕೆ ಕೂತಾಗಾದ್ರೂ, ಹಾಕಬೇಡ ಕಣೇ ಅಂದಿದ್ರೆ ಹಾಕ್ತಿರಲಿಲ್ಲ. ಹಾಕು ಅಂತಾನೂ ಅನ್ನಲಿಲ್ಲ. ನನಗೆ ಭಯ ಆಯ್ತು, ಹಾಕಿದೆ."

"ಯಾತಕ್ಕೆ ಭಯ?"

"ಗೊತ್ತಿಲ್ಲ. ನನ್ನ ಹತ್ರ ಒಂದು ಇದೆ, ಅದು ಹೋಗಿಬಿಟ್ರೆ ಅಂತ. ನಿಮಗೆ ಆ ಭಯ ಇಲ್ಲ. ನಿಮ್ಮ ಹತ್ರ…" ಎನ್ನುತ್ತಿದ್ದವಳು ನಿಲ್ಲಿಸಿ, ಮುಂದಿನ ಉತ್ತರಪತ್ರಿಕೆ ಎಳೆದುಕೊಂಡಳು. "ಹೋಗಲಿ ಬಿಡಿ. ಕಾಲರ್ ಸರಿಮಾಡ್ಕೊಳ್ಳಿ."

ಅವನು ಕನ್ನಡಿಯ ಮುಂದೆ ನಿಂತು ಕಾಲರ್ ಸರಿಮಾಡಿಕೊಂಡ. ಕೋಪ ಬರಬೇಕಿತ್ತು. ಬರುತ್ತದೇನೋ ಎಂದು ಒಂದು ಕ್ಷಣ ಕಾದ. ಅವಳ ವಾಕ್ಯ ಅರ್ಧಕ್ಕೆ ನಿಂತದ್ದೇ ಒಳ್ಳೆಯದಾಯಿತು, ಆ ಜಾಗದಲ್ಲಿ ಯಾವ ಪದ ಬಂದಿದ್ದರೂ ಹೆಚ್ಚಾಗುತ್ತಿತ್ತು ಎಂದು ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ನಾಚಿಕೆಯಾಯಿತು. ಅದೂ ತೀರ ಸಣ್ಣ ನಾಚಿಕೆ.

*

ಸಭಾಂಗಣ ತುಂಬಿತ್ತು. ಎಡಕ್ಕೆ ಮಂದಿರದವರು, ಬಲಕ್ಕೆ ಹೊಸಬರು. ನಡುವೆ ಯಾರೂ ಹೇಳದೆ ಒಂದು ದಾರಿ ತಾನಾಗಿ ಬಿಟ್ಟುಕೊಂಡಿತ್ತು. ಹೆಂಡತಿ ಎಡಗಡೆ ಹೋಗಿ ಕೂತಳು. ಕೂರುವ ಮುಂಚೆ ಒಮ್ಮೆ ತಿರುಗಿ ನೋಡಿದಳು. ದೊಡ್ಡಪ್ಪ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ವ್ಯವಸ್ಥಾಪಕಿ. ದಂತವೈದ್ಯರು ನೇರ ಅವರ ಬಳಿಗೆ ಬಂದು, ಬಗ್ಗಿ, ಎರಡೂ ಕೈ ಹಿಡಿದುಕೊಂಡರು.

"ಗಂಟಲು ಹೇಗಿದೆ? ಮಾತಾಡಬೇಡಿ, ಮಾತಾಡಬೇಡಿ, ತಲೆ ಆಡಿಸಿ ಸಾಕು. ನಿಮ್ಮ ಕುರ್ಚಿ ಖಾಲಿ ಇಟ್ಟಿದೀವಿ, ಯಾರನ್ನೂ ಕೂರೋಕೆ ಬಿಟ್ಟಿಲ್ಲ."

ಅವರ ಕಣ್ಣಿನಲ್ಲಿ ನೀರಿತ್ತು. ದೊಡ್ಡಪ್ಪ ಅವರ ಕೆನ್ನೆ ತಟ್ಟಿದರು. ಅವನಿಗೆ ಇಬ್ಬರನ್ನೂ ಕಂಡು ಅಸೂಯೆಯಾಯಿತು. ಅವರು ಎದುರಾಳಿಗಳು, ಎದುರಾಗಲು ಇಬ್ಬರ ಕಾಲ ಕೆಳಗೂ ನೆಲವಿತ್ತು.

ಅಧ್ಯಕ್ಷೆ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕಿದರು. ಯಾರೋ ತೋರಿಸಿದರು, ಸಭೆ ನಕ್ಕಿತು, ಅಹವಾಲು ಶುರುವಾಯಿತು.

ದಂತವೈದ್ಯರು ಮೊದಲು ಮಾತಾಡಿದರು. ವಾಹನ ನಿಲ್ಲಿಸುವ ಜಾಗ, ಸದ್ದು, ಹತ್ತಿರದ ಶಾಲೆ. ಒಂದೊಂದಕ್ಕೂ ಬೆರಳು ಮಡಿಸಿದರು. ಆಮೇಲೆ ಬೆರಳು ಬಿಟ್ಟು, ದನಿ ತಗ್ಗಿಸಿ, "ಇದೆಲ್ಲ ನೆಪ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾವು ನಂಬಿದ್ದನ್ನ ನಮ್ಮ ಮಕ್ಕಳೂ ನಂಬಲಿ ಅನ್ನೋ ಆಸೆ. ಅಷ್ಟೇ. ಅದು ತಪ್ಪಾದ್ರೆ ತಪ್ಪು ಅನ್ನಿ," ಎಂದು ಕೂತುಬಿಟ್ಟರು. ಎಡಗಡೆ ಚಪ್ಪಾಳೆ ಬಿತ್ತು. ದೊಡ್ಡಪ್ಪನೂ ಚಪ್ಪಾಳೆ ತಟ್ಟಿದರು.

ಹೊಸಬರ ಪರವಾಗಿ ಬಂದವನು ಬಂದರಿನ ವೆಲ್ಡರ್. ದೊಡ್ಡ ಆಳು, ಮೈಕಿನ ಮುಂದೆ ನಿಂತಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನಾವು ಈಗ ಸೈಕಲ್ ಶೆಡ್ಡಲ್ಲಿ ಪ್ರಾರ್ಥನೆ ಮಾಡ್ತೀವಿ," ಎಂದ. "ಯಾರಾದ್ರೂ ಸೈಕಲ್ ತಗೊಳೋಕೆ ಬಂದ್ರೆ ನಿಲ್ಲಿಸ್ತೀವಿ. ಅವರು ಹೋದ ಮೇಲೆ ಮತ್ತೆ ಮೊದಲಿಂದ ಶುರು." ಇನ್ನೇನೋ ಹೇಳಬೇಕೆಂದು ಬಾಯಿ ತೆರೆದ. "ಅಷ್ಟೇ. ನಿಲ್ಲಿಸದೆ ಒಂದು ಸಲ ಮುಗಿಸಬೇಕು ಅಂತ."

ಆಮೇಲೆ ಪತ್ರಿಕೆಯ ಸರದಿ, ಅವನದು. ಪುರಸಭೆಯ ಜವಾನ ಬಂದು ಮೈಕಿನ ಕಂಬವನ್ನು ಅವನ ಬಾಯಿಯ ಮಟ್ಟಕ್ಕೆ ಹೊಂದಿಸಿ ತಿರುಪು ಬಿಗಿದು ಹೋದ.

ಅವನು ಚೆನ್ನಾಗಿ ಓದಿದ. ಎಷ್ಟು ಚೆನ್ನಾಗಿ ಎಂದು ಅವನಿಗೇ ಕೇಳಿಸುತ್ತಿತ್ತು. ದೊಡ್ಡಪ್ಪ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು, ಯಾವ ಪದವನ್ನು ಒತ್ತದೆ ಬಿಡುತ್ತಿದ್ದರು ಎಂಬುದೆಲ್ಲ ಬಾಯಿಗೆ ತಾನಾಗಿ ಬಂತು. ಜೋಗುಳದ ಮಾತಿಗೆ ಬಲಗಡೆಯ ಹೆಂಗಸೊಬ್ಬಳು ಮಗುವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು. ವೆಲ್ಡರ್ ಅಂಗೈಗಳನ್ನು ನೋಡುತ್ತ ಕೂತಿದ್ದ.

"ನಾನು," ಎಂದು ಓದಿದ, ಒಂದು ಕ್ಷಣ ತಡೆದ. ಅಲ್ಲಿ ತಡೆಯುವುದು ಒಳ್ಳೆಯದೆಂದು ಕಿವಿ ಹೇಳಿತ್ತು. "ನಾನು ನಂಬುವವನು."

ತಲೆ ಎತ್ತಿದಾಗ ಹೆಂಡತಿ ಕಂಡಳು. ಅವಳು ಕುರ್ಚಿಯ ಅಂಚಿಗೆ ಸರಿದಿದ್ದಳು. ಮುಖದಲ್ಲಿ ಅವನೆಂದೂ ಕಾಣದ ಬೆರಗು. ಬೀದಿಯಲ್ಲಿ ಯಾರೋ ಎಂದುಕೊಂಡು ದಾಟಿಹೋಗುತ್ತಿದ್ದವನು ತಮ್ಮವನೇ ಎಂದು ಗುರುತು ಸಿಕ್ಕಿದ ಹಾಗೆ. ಅವನಿಗೆ ಕಾಗದ ಮಸುಕಾಯಿತು. ಮುಂದಿನ ಸಾಲುಗಳನ್ನು ನೆನಪಿನಿಂದ ಹೇಳಿದ. ಪುರಸಭೆಯಿಂದಲೂ ಆಗದು ಎಂದಾಗ ಎಡಗಡೆಯಿಂದಲೂ ನಗು ಬಂತು, ಸೋತವರ ನಗುವಲ್ಲ, ಹಗುರಾದವರ ನಗು. ಸದಸ್ಯರಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಗೆಲ್ಲುತ್ತಿದ್ದೇವೆ ಎಂದು ಅವನಿಗೆ ಖಚಿತವಾಯಿತು. ಓದು ಮುಗಿಯಿತು. ಚಪ್ಪಾಳೆಗೆ ನಡುವಿನ ದಾರಿ ಲೆಕ್ಕಕ್ಕೇ ಬರಲಿಲ್ಲ.

"ಒಂದು ಪ್ರಶ್ನೆ ಕೇಳಬಹುದಾ?" ದಂತವೈದ್ಯರು ಎದ್ದಿದ್ದರು. ಅಧ್ಯಕ್ಷೆ ಕೇಳಿ ಎಂಬಂತೆ ಕೈ ತೋರಿಸಿದರು.

"ಬಹಳ ಚೆನ್ನಾಗಿ ಓದಿದ್ರಿ. ನನ್ನ ಮನಸ್ಸು ಅಲ್ಲಾಡಿತು, ಸುಳ್ಳು ಹೇಳಲ್ಲ. ಬರೆದವರನ್ನ ನಾನು ಬಲ್ಲೆ. ಅವರು ನಂಬೋರು. ಈ ಮಾತು ಆಡೋ ಹಕ್ಕು ಅವರಿಗಿದೆ." ಅವರು ಚುಚ್ಚಲು ಕೇಳುತ್ತಿರಲಿಲ್ಲ, ಹಲ್ಲು ನೋಡುವಾಗ ನೋಯುತ್ತದೆಯೇ ಎನ್ನುವಷ್ಟೇ ಮೃದುವಾಗಿ ಕೇಳಿದರು. "ನಿಮ್ಮ ಬಾಯಿಂದ ಕೇಳಿದ್ನಲ್ಲ, ಅದಕ್ಕೆ. ನೀವು ನಂಬ್ತೀರಾ?"

ಹೌದು ಎನ್ನಬಹುದಿತ್ತು. ಒಂದೇ ಪದ. ಐಸ್ ಕಾರ್ಖಾನೆಯ ಬೀಗ ಆ ಪದಕ್ಕೆ ತೆರೆಯುತ್ತಿತ್ತು. ಇಲ್ಲ ಎನ್ನಬಹುದಿತ್ತು, ನಂಬದ ನನಗೂ ಇದು ನ್ಯಾಯವೆಂದು ತೋರುತ್ತದೆ, ಎನ್ನಬಹುದಿತ್ತು. ಅದೂ ಒಂದು ನೆಲವೇ. ಅವನು ತನ್ನೊಳಗೆ ಇಳಿದು ಎರಡರಲ್ಲಿ ಒಂದಕ್ಕಾಗಿ ತಡಕಾಡಿದ. ಕೈಗೆ ಸಿಕ್ಕಿದ್ದೆಲ್ಲ ವಾಕ್ಯಗಳು, ಚೆನ್ನಾಗಿ ತಿದ್ದಿದವು, ಯಾರ್‍ಯಾರವೋ. ಹೆಂಡತಿ ಇನ್ನೂ ಕುರ್ಚಿಯ ಅಂಚಿನಲ್ಲೇ ಇದ್ದಳು.

"ನಾನು," ಎಂದ. ಮೈಕು ಅದನ್ನು ದೊಡ್ಡದು ಮಾಡಿತು. "ನಾನು ಓದಲು ಬಂದವನು."

ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ನಗು ಸಾಲಿನಿಂದ ಸಾಲಿಗೆ ಹರಿಯಿತು. ಕೆಟ್ಟ ನಗುವಲ್ಲ, ನಾಟಕದ ಪರದೆ ಹಾರಿ ಹಿಂದಿನ ಏಣಿ ಕಂಡಾಗಿನ ನಗು. ಸದಸ್ಯರು ತಮ್ಮ ಕಾಗದಗಳಿಗೆ ಮರಳಿದರು. ವೆಲ್ಡರ್ ಏನಾಯಿತೆಂದು ಪಕ್ಕದವನನ್ನು ಕೇಳುತ್ತಿದ್ದ. ದಂತವೈದ್ಯರಿಗೂ ಗೆದ್ದ ಖುಷಿಯಿರಲಿಲ್ಲ. "ಅಯ್ಯೋ, ಹಾಗಲ್ಲ, ನಾನು ಸುಮ್ಮನೆ…" ಎನ್ನುತ್ತ ಕೂತರು. ಹೆಂಡತಿ ಕುರ್ಚಿಯ ಹಿಂಬದಿಗೆ ಒರಗಿ, ಕೈಚೀಲದ ಜಿಪ್ಪು ತೆರೆದು, ಏನನ್ನೂ ತೆಗೆಯದೆ ಮುಚ್ಚಿದಳು.

ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡರು. "ಬೇರೆ ಯಾರೂ ಇಲ್ಲದಿದ್ರೆ, ಮತಕ್ಕೆ…"

ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಎದ್ದು ನಿಂತರು.

"ದೊಡ್ಡಪ್ಪ, ಬೇಡ." ವ್ಯವಸ್ಥಾಪಕಿ ಅವರ ತೋಳು ಹಿಡಿದಳು. "ಬೇಡ ಅಂದೆ. ಡಾಕ್ಟ್ರು ಏನು ಹೇಳಿದಾರೆ? ಹೇಳಿ ಇವರಿಗೆ, ಯಾರಾದ್ರೂ ಹೇಳಿ!"

ದೊಡ್ಡಪ್ಪ ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ಅವಳ ಮಡಿಲಲ್ಲೇ ಇಟ್ಟು, ವೇದಿಕೆಯ ಮೆಟ್ಟಿಲೇರಿ ಬಂದರು. ಅವನ ಹತ್ತಿರ ಬಂದಾಗ ಮುಖದಲ್ಲಿ ಕೋಪವಿರಲಿಲ್ಲ. ಅದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಭುಜದ ಮೇಲೆ ಕೈಯಿಟ್ಟು, ಸ್ವಲ್ಪ ಸರಿದುಕೋ ಎಂಬಂತೆ ಒತ್ತಿದರು. ಅವನು ಸರಿದ.

"ಮಾತಾಡಬೇಡಿ, ದೊಡ್ಡಪ್ಪ," ಎಂದ. "ನಾನು ಹೇಳ್ತೀನಿ. ಹೌದು ಅಂತ ಹೇಳ್ತೀನಿ."

ದೊಡ್ಡಪ್ಪ ಅವನನ್ನು ನೋಡಿದರು. ಆ ನೋಟದಲ್ಲಿ ಕನಿಕರವಿತ್ತು.

ಮೈಕು ಅವರಿಗೆ ಎತ್ತರವಾಯಿತು. ಗಿಡ್ಡ ಮನುಷ್ಯ, ಬರಹ ಓದಿದವರು ಹಾಗೆಂದುಕೊಳ್ಳುತ್ತಿರಲಿಲ್ಲ. ತಿರುಪು ಬಿಗಿಯಾಗಿತ್ತು, ಅವನ ಬೆರಳಿಗೆ ತಿರುಗಲಿಲ್ಲ. ಕೊನೆಗೆ ಮೈಕನ್ನೇ ಕಂಬದಿಂದ ಕಿತ್ತು, ಬಗ್ಗಿ, ದೊಡ್ಡಪ್ಪನ ಬಾಯಿಯ ಬಳಿ ಹಿಡಿದ.

ದೊಡ್ಡಪ್ಪನ ತುಟಿಗಳು ಅಲ್ಲಾಡಿದವು.

ಗೋಡೆಯ ಸ್ಪೀಕರುಗಳಿಂದ ಉಸಿರು ಬಂತು. ಬರೀ ಉಸಿರು, ಒರಟು, ಅಲ್ಲಲ್ಲಿ ತಡೆದು, ಮತ್ತೆ ಮುಂದುವರಿದು. ದನಿ ಅದರ ಹಿಂದೆ ಎಲ್ಲೋ ಇದ್ದ ಹಾಗೆ, ಬರುತ್ತಿರುವ ಹಾಗೆ. ಕೊರಳ ಪಟ್ಟಿ ಏರಿ ಇಳಿಯಿತು. ಯಾರೂ ನಗಲಿಲ್ಲ. ವ್ಯವಸ್ಥಾಪಕಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೇಳಿಸದವರು ಮುಂದಕ್ಕೆ ಬಾಗಿದರು. ದಂತವೈದ್ಯರು ಎದ್ದು, ಕಿವಿಗೆ ಅಂಗೈ ಹಿಡಿದು, ವೇದಿಕೆಯ ಬುಡಕ್ಕೆ ಬಂದು ನಿಂತರು. ಬಲಗಡೆಯಿಂದ ವೆಲ್ಡರ್ ಬಂದ. ಒಬ್ಬೊಬ್ಬರಾಗಿ ಕುರ್ಚಿಗಳು ಸರಿದವು. ಎಡಗಡೆಯವರು, ಬಲಗಡೆಯವರು, ಹತ್ತಿರ ಹತ್ತಿರ ಬಂದು, ಆ ಉಸಿರಿನ ಕಡೆಗೆ ಮುಖವೆತ್ತಿ ನಿಂತರು. ಹೆಂಡತಿಯೂ ಅವರ ನಡುವೆ ಇದ್ದಳು. ಅವಳ ತುಟಿಯೂ ಅಲ್ಲಾಡುತ್ತಿತ್ತು. ಅವಳಿಗೆ ಏನೋ ಕೇಳಿಸುತ್ತಿರಬೇಕು.

ಎಲ್ಲರಿಗಿಂತ ಹತ್ತಿರ ಇದ್ದವನು ಅವನು. ದೊಡ್ಡಪ್ಪನ ಉಸಿರು ಅವನ ಬೆರಳಿಗೆ ಬೆಚ್ಚಗೆ ತಾಗುತ್ತಿತ್ತು. ಅವನು ಕಿವಿಗೊಟ್ಟು ಕೇಳಿದ. ಪದವೊಂದೂ ಸಿಗಲಿಲ್ಲ.

ತೋಳು ನೋಯತೊಡಗಿತು. ಇಳಿಸುವ ಹಾಗಿರಲಿಲ್ಲ. ಪಕ್ಕದಲ್ಲಿ, ಅವನ ಎತ್ತರಕ್ಕೆ ಏರಿಸಿ ಬಿಗಿದಿದ್ದ ಕಬ್ಬಿಣದ ಕಂಬ, ತಲೆಯಿಲ್ಲದೆ, ಜನರ ಕಡೆಗೆ ಮುಖ ಮಾಡಿ ನಿಂತಿತ್ತು.